ಅಗ್ಗದ ಪೆಟ್ಟಿಗೆಗೆ ಗಿರಾಕಿಯಿಲ್ಲ

2021ರ ನವೆಂಬರ್‌ನಲ್ಲಿ ಅಮೆರಿಕದ ಔಷಧದಂಗಡಿಗಳಿಗೆ ಹೊಸ ಇನ್ಸುಲಿನ್ ಒಂದು ಬಂತು. ಬೆಂಗಳೂರಿನ ಬಯೋಕಾನ್ ಮತ್ತು ಅಮೆರಿಕದ ವಯಾಟ್ರಿಸ್ ಕಂಪನಿಗಳು ಸೇರಿ ತಂದ ಗ್ಲಾರ್ಜಿನ್ ಇನ್ಸುಲಿನ್ ಅದು. ಡಾಕ್ಟರು ಸನೋಫಿ ಕಂಪನಿಯ ಲ್ಯಾಂಟಸ್ ಇನ್ಸುಲಿನ್ ಬರೆದಿದ್ದರೆ ಅವರನ್ನು ಮತ್ತೆ ಕೇಳದೆ ಅಂಗಡಿಯವರೇ ಇದನ್ನು ಕೊಡಬಹುದೆಂದು ಅಲ್ಲಿನ ಔಷಧ ನಿಯಂತ್ರಕ ಸಂಸ್ಥೆ ಎಫ್‌ಡಿಎ ಅದೇ ವರ್ಷದ ಜುಲೈನಲ್ಲಿ ಒಪ್ಪಿತ್ತು. ಇನ್ಸುಲಿನ್‌ಗಳಲ್ಲಿ ಇಂಥ ಒಪ್ಪಿಗೆ ಸಿಕ್ಕಿದ್ದು ಅದೇ ಮೊದಲು. ವಿಚಿತ್ರವಿದ್ದದ್ದು ಮಾರಾಟದ ಕ್ರಮದಲ್ಲಿ. ಅದೇ ಔಷಧ ಎರಡು ಲೇಬಲ್ ಹಚ್ಚಿಕೊಂಡು ಬಂತು. ಸೆಮ್‌ಗ್ಲೀ ಎಂಬ ಹೆಸರಿನ, ಐದು ಪೆನ್‌ಗಳ ಪೆಟ್ಟಿಗೆಗೆ 404 ಡಾಲರ್. ಬ್ರ್ಯಾಂಡ್ ಹೆಸರಿಲ್ಲದ, ಐದೇ ಪೆನ್‌ಗಳ ಇನ್ನೊಂದು ಪೆಟ್ಟಿಗೆಗೆ 148 ಡಾಲರ್. ಒಳಗಿನ ದ್ರವ ಒಂದೇ.

ಯಾವುದು ಹೆಚ್ಚು ಮಾರಾಟವಾಗಬೇಕು? ಉತ್ತರ ಹೇಳುವ ಮೊದಲು ಗಮನಿಸಿ: ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಎಂಬ ಸಂಸ್ಥೆ, ಅಂದರೆ ಔಷಧದ ಖರ್ಚನ್ನು ಕಡಿಮೆ ಮಾಡಿಕೊಡುವುದೇ ತನ್ನ ಕಸುಬು ಎಂದು ಹೇಳಿಕೊಳ್ಳುವ ಸಂಸ್ಥೆ, 2022ರ ತನ್ನ ಮುಖ್ಯ ಔಷಧ ಪಟ್ಟಿಗೆ ಆರಿಸಿಕೊಂಡದ್ದು 404 ಡಾಲರಿನ ಪೆಟ್ಟಿಗೆಯನ್ನು. (ಬೇರೊಂದು ಪಟ್ಟಿಯಲ್ಲಿ ಅಗ್ಗದ್ದಕ್ಕೂ ಜಾಗ ಕೊಟ್ಟಿತು ಎಂಬುದನ್ನು ನ್ಯಾಯಕ್ಕಾಗಿ ಇಲ್ಲೇ ಹೇಳಿಬಿಡುತ್ತೇನೆ.)

ನಮ್ಮೂರ ಸಂತೆಯಲ್ಲಿ ಒಂದೇ ರಾಶಿಯ ಬದನೆಕಾಯಿಯನ್ನು ಎರಡು ಬುಟ್ಟಿಗೆ ಸುರಿದು, ಒಂದಕ್ಕೆ ಕಿಲೋಗೆ 40 ರೂಪಾಯಿ, ಇನ್ನೊಂದಕ್ಕೆ 110 ಎಂದು ಬರೆದಿಟ್ಟರೆ, ಜನ 110ರ ಬುಟ್ಟಿಯ ಮುಂದೆ ಸಾಲು ನಿಂತರೆ, ನಾವು ಅವರನ್ನು ದಡ್ಡರೆನ್ನುವ ಮೊದಲು ಒಂದು ಅನುಮಾನ ಪಡಬೇಕು: ಇಲ್ಲಿ ಆರಿಸುವವನ ಕೈ ಒಂದು, ಹಣ ಬಿಚ್ಚುವವನ ಜೇಬು ಇನ್ನೊಂದು. ಅಮೆರಿಕದ ಔಷಧ ವ್ಯವಹಾರದ ಗುಟ್ಟು ಹೆಚ್ಚೂಕಡಿಮೆ ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ದುರಾಸೆಯ ಕಥೆ ಇನ್ನೊಂದು ಓದಿದಂತಾಗುತ್ತದೆ, ಅಷ್ಟೆ. ನನಗೆ ದುರಾಸೆಗಿಂತ ಲೆಕ್ಕ ಹಾಕುವ ರೀತಿ ಮುಖ್ಯವೆನಿಸುತ್ತದೆ. ರೋಗಿಯ ಪಾಲನ್ನು ಯಾವ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ? ಕೊಳ್ಳುವವರ ಪರವಾಗಿ ಚೌಕಾಸಿಗೆ ನಿಂತವನಿಗೆ ಕೂಲಿ ಯಾವ ಬೆಲೆಯ ಮೇಲೆ ಸಿಗುತ್ತದೆ? ಈ ಎರಡು ಪ್ರಶ್ನೆ ಕೇಳಿಕೊಂಡರೆ ಉಳಿದದ್ದು ತಾನಾಗಿ ಬಿಚ್ಚಿಕೊಳ್ಳುತ್ತದೆ.

ನ್ಯೂಜೆರ್ಸಿಯಲ್ಲಿರುವ ನನ್ನ ಸೋದರಳಿಯನ ಪರ್ಸಿನಲ್ಲಿ, ಅಲ್ಲಿನ ಕೋಟ್ಯಂತರ ಜನರ ಪರ್ಸಿನಲ್ಲಿರುವಂತೆ, ವಿಮೆಯ ಕಾರ್ಡೊಂದಿದೆ. ವಿಮಾ ಕಂಪನಿಯ ಹೆಸರು ದೊಡ್ಡದಾಗಿ. ಮೂಲೆಯಲ್ಲೆಲ್ಲೋ ಸಣ್ಣಕ್ಷರದಲ್ಲಿ ಆರ್‌ಎಕ್ಸ್ ಬಿನ್ ಎಂಬ ಆರಂಕಿಯ ಸಂಖ್ಯೆ. ಅಂಗಡಿಯವರು ಆ ಸಂಖ್ಯೆ ಒತ್ತಿದ ಕೂಡಲೇ ಪ್ರಶ್ನೆ ಹೋಗುವುದು ಫಾರ್ಮಸಿ ಬೆನಿಫಿಟ್ ಮ್ಯಾನೇಜರ್, ಚಿಕ್ಕದಾಗಿ ಪಿಬಿಎಂ, ಎಂಬ ಮಧ್ಯವರ್ತಿಯ ಕಂಪ್ಯೂಟರಿಗೆ. ಈ ಔಷಧಕ್ಕೆ ವಿಮೆ ಇದೆಯೇ, ರೋಗಿ ಎಷ್ಟು ಕೊಡಬೇಕು, ಅಂಗಡಿಗೆ ಎಷ್ಟು ಸಲ್ಲಬೇಕು, ಇವೆಲ್ಲಕ್ಕೂ ಕೆಲವೇ ಸೆಕೆಂಡಿನಲ್ಲಿ ಅಲ್ಲಿಂದ ಉತ್ತರ ಬರುತ್ತದೆ. ಡಾಕ್ಟರು ಚೀಟಿಯಲ್ಲಿ ಬರೆದದ್ದು ಒಂದು ಕೋರಿಕೆ ಮಾತ್ರ, ತೀರ್ಪು ಇಲ್ಲಿಯದು.

1960ರ ದಶಕದ ಕೊನೆಯಲ್ಲಿ ಈ ಕಸುಬು ಹುಟ್ಟಿದಾಗ ಪಿಬಿಎಂ ಎಂದರೆ ಬಿಲ್ಲುಗಳನ್ನು ಲೆಕ್ಕ ಹಾಕಿ ವಿಲೇವಾರಿ ಮಾಡುವ ಗುಮಾಸ್ತ. ವಿಮಾ ಕಂಪನಿಗಳಿಗೆ ಹತ್ತು ಡಾಲರಿನ ಮಾತ್ರೆಯ ಬಿಲ್ಲು ನೋಡುವುದು ಕಿರಿಕಿರಿ. ಆ ಕಿರಿಕಿರಿಯನ್ನು ಇವರು ಗುತ್ತಿಗೆಗೆ ಹಿಡಿದರು. ಗುಮಾಸ್ತನ ಹತ್ತಿರ ಯಾರು ಯಾವ ಮಾತ್ರೆ ನುಂಗುತ್ತಾರೆ ಎಂಬ ಲೆಕ್ಕ ಸೇರುತ್ತಾ ಹೋಯಿತು. ಆ ಲೆಕ್ಕದ ಬಲದ ಮೇಲೆ ಅವನು ಪಟ್ಟಿ ಮಾಡುವವನಾದ: ಈ ಔಷಧಕ್ಕೆ ಕಡಿಮೆ ಪಾಲು ಕೊಟ್ಟರೆ ಸಾಕು, ಅದಕ್ಕೆ ಹೆಚ್ಚು, ಇನ್ನೊಂದಕ್ಕೆ ವಿಮೆಯೇ ಇಲ್ಲ. ಪಟ್ಟಿ ಯಾರ ಕೈಯಲ್ಲಿದೆಯೋ ಅವರ ಬಾಗಿಲಿಗೆ ಔಷಧ ಕಂಪನಿಗಳು ಬರಲೇಬೇಕಾಯಿತು. 1993ರಲ್ಲಿ ಮರ್ಕ್ ಎಂಬ ಔಷಧ ಕಂಪನಿ ಆರು ನೂರು ಕೋಟಿ ಡಾಲರಿಗೂ ಹೆಚ್ಚು ಸುರಿದು ಮೆಡ್ಕೋ ಎಂಬ ಪಿಬಿಎಂ ಅನ್ನೇ ಕೊಂಡುಕೊಂಡಿತು. ಆ ಸಂಬಂಧ ಬಾಳಲಿಲ್ಲ. ಮುಂದೆ ವಿಮಾ ಕಂಪನಿಗಳ ಸರದಿ. 2018ರಲ್ಲಿ ಸಿಗ್ನಾ ಎಂಬ ವಿಮಾ ಕಂಪನಿ, ಮೊದಲು ಹೇಳಿದ ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಎಂಬ ಪಿಬಿಎಂ ಅನ್ನು ಕೊಂಡಿತು. ಅದೇ ವರ್ಷ ಕೇರ್‌ಮಾರ್ಕ್ ಎಂಬ ಪಿಬಿಎಂ ಮತ್ತು ಸಾವಿರಾರು ಔಷಧದಂಗಡಿಗಳ ಒಡೆತನವಿದ್ದ ಸಿವಿಎಸ್, ಏಟ್ನಾ ಎಂಬ ವಿಮಾ ಕಂಪನಿಯನ್ನು ಕೊಂಡಿತು. ಆಪ್ಟಮ್ ಆರ್‌ಎಕ್ಸ್ ಎಂಬ ಮೂರನೆಯ ದೊಡ್ಡ ಪಿಬಿಎಂ ಆಗಲೇ ಯುನೈಟೆಡ್ ಹೆಲ್ತ್ ಎಂಬ ವಿಮಾ ಕಂಪನಿಯ ಮನೆಯಲ್ಲಿತ್ತು. 2023ರಲ್ಲಿ ಅಮೆರಿಕದಲ್ಲಿ ಸುಮಾರು 660 ಕೋಟಿ ಚೀಟಿಗಳಿಗೆ ಔಷಧ ಕೊಡಲಾಯಿತು, ಅದರಲ್ಲಿ ಶೇ. 80ರಷ್ಟು ಈ ಮೂರರ ಕೈ ದಾಟಿಯೇ ಹೋದದ್ದು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮರುವರ್ಷ ಲೆಕ್ಕ ಕೊಟ್ಟಿತು.

ಈಗ ರಿಬೇಟ್ ಎಂಬ ಪದಕ್ಕೆ ಬರೋಣ. ಔಷಧ ಕಂಪನಿ ತನ್ನ ಮಾಲಿಗೆ ಒಂದು ಪಟ್ಟಿ ಬೆಲೆ ಇಡುತ್ತದೆ. ನಮ್ಮ ಎಂಆರ್‌ಪಿಯ ಹಾಗೆ ಅದು ಪೊಟ್ಟಣದ ಮೇಲೆ ಅಚ್ಚಾಗಿರುವುದಿಲ್ಲ, ಆದರೆ ಎಲ್ಲ ಲೆಕ್ಕವೂ ಅಲ್ಲಿಂದಲೇ ಶುರು. ನಿನ್ನ ಪಟ್ಟಿಯಲ್ಲಿ ನನಗೆ ಒಳ್ಳೆಯ ಜಾಗ ಕೊಡು, ಮಾರಾಟವಾದ ಮೇಲೆ ಇಷ್ಟು ಶೇಕಡಾ ಹಿಂದಿರುಗಿಸುತ್ತೇನೆ ಎಂದು ಅದು ಪಿಬಿಎಂ ಜತೆ ಒಪ್ಪಂದ ಮಾಡಿಕೊಳ್ಳುತ್ತದೆ. ಒಪ್ಪಂದ ಗುಟ್ಟು. ರಿಯಾಯಿತಿ ಅಂಗಡಿಯ ಕೌಂಟರಿನಲ್ಲಿ ಸಿಗುವುದಿಲ್ಲ, ತಿಂಗಳುಗಳ ಮೇಲೆ ಹಿಂಬಾಗಿಲಿನಿಂದ ಬರುತ್ತದೆ. ಅಮೆರಿಕ ಸೆನೆಟ್‌ನ ಹಣಕಾಸು ಸಮಿತಿ 2021ರ ಜನವರಿಯಲ್ಲಿ ಇನ್ಸುಲಿನ್ ಬಗ್ಗೆ ವರದಿಯೊಂದನ್ನು ಹೊರಡಿಸಿತು. ಕಂಪನಿಗಳ ಒಳಗಿನ ಕಾಗದ ಪತ್ರಗಳನ್ನು ಅದು ತರಿಸಿ ಓದಿತ್ತು. 2013ರಲ್ಲಿ ಸನೋಫಿ ಕೇರ್‌ಮಾರ್ಕ್‌ಗೆ ಕೊಡಲು ಮುಂದಾಗಿದ್ದ ರಿಬೇಟ್ ಶೇ. 2ರಿಂದ 4, 2018ರ ಹೊತ್ತಿಗೆ ಅದು ಶೇ. 56ರವರೆಗೂ ಏರಿತ್ತು. ಆ ಐದು ವರ್ಷಗಳಲ್ಲಿ ಇನ್ಸುಲಿನ್ ತಯಾರಿಸುವ ವಿದ್ಯೆ ಬದಲಾಗಿರಲಿಲ್ಲ. ಬದಲಾದದ್ದು ಪಟ್ಟಿಯಲ್ಲಿ ಜಾಗ ಹಿಡಿಯುವ ಹರಾಜು.

ಹರಾಜು ಎಂದೆ. ಮಾರುವವರು ಪೈಪೋಟಿಗೆ ನಿಂತ ಹರಾಜಿನಲ್ಲಿ ಕಡಿಮೆಗೆ ಕೂಗುವವನು ಗೆಲ್ಲಬೇಕು. ಇಲ್ಲಿ ಹೆಚ್ಚು ಹಿಂದಿರುಗಿಸುವವನು ಗೆಲ್ಲುತ್ತಾನೆ. ನೂರು ರೂಪಾಯಿಯ ಮಾಲನ್ನು ನೂರಕ್ಕೇ ಕೊಡುತ್ತೇನೆ ಎನ್ನುವವನಿಗಿಂತ, ಅದಕ್ಕೆ ಮುನ್ನೂರು ಬರೆದು ಇನ್ನೂರು ವಾಪಸು ಕೊಡುವವನು ಮೇಲು, ಏಕೆಂದರೆ ಆ ಇನ್ನೂರರ ದಾರಿಯಲ್ಲಿ ಹಲವರಿಗೆ ಕೈ ನೆನೆಸಿಕೊಳ್ಳಲು ಅವಕಾಶವಿದೆ. ಹೀಗಾಗಿ ಬೆಲೆ ಏರಿಸಿದವನಿಗೆ ನಿಜವಾಗಿ ಲಾಭವೂ ಆಗದಿರಬಹುದು. ಎಲಿ ಲಿಲ್ಲಿ ಕಂಪನಿ 2019ರಲ್ಲಿ ತನ್ನ ಹ್ಯುಮಲಾಗ್ ಇನ್ಸುಲಿನ್‌ನ ಲೆಕ್ಕ ಬಯಲು ಮಾಡಿತು. 2014ರಿಂದ 2018ರ ನಡುವೆ ಒಬ್ಬ ರೋಗಿಗೆ ತಿಂಗಳಿಗೆ ಅದರ ಪಟ್ಟಿ ಬೆಲೆ ಸುಮಾರು ಅರ್ಧದಷ್ಟು ಏರಿ 594 ಡಾಲರ್ ಆಗಿತ್ತು. ಅದೇ ಅವಧಿಯಲ್ಲಿ ರಿಬೇಟು ಮತ್ತಿತರ ಕಡಿತಗಳೆಲ್ಲ ಹೋಗಿ ಕಂಪನಿಯ ಕೈಗೆ ಬರುತ್ತಿದ್ದದ್ದು ಇಳಿದು 135 ಡಾಲರ್ ಆಗಿತ್ತು. ತಯಾರಕರೇ ಕೊಟ್ಟ ಲೆಕ್ಕ, ತಮ್ಮ ಮೇಲಿನ ಸಿಟ್ಟನ್ನು ಬೇರೆಯವರ ಮೇಲೆ ತಿರುಗಿಸಲು ಕೊಟ್ಟದ್ದು. ಆ ಎಚ್ಚರ ಇರಲಿ. ಆದರೂ 594 ಮತ್ತು 135ರ ನಡುವಿನ ಕಂದಕ ಸುಳ್ಳಲ್ಲ.

ನನ್ನ ಸೋದರಳಿಯ ಬಾಲ್ಯದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಾ ಬೆಳೆದವನು. “ಮಾವ, ಇಲ್ಲಿ ಡಿಸೆಂಬರ್‌ನಲ್ಲಿ ಇನ್ಸುಲಿನ್ ಅಗ್ಗ, ಜನವರಿಯಲ್ಲಿ ದುಬಾರಿ,” ಎಂದು ಒಮ್ಮೆ ಫೋನಿನಲ್ಲಿ ನಗುತ್ತಾ ಹೇಳಿದ್ದ. ಅದು ಮಾವಿನ ಹಣ್ಣಿನಂಥ ಋತುಮಾನದ ಮಾತಲ್ಲ. ಅಲ್ಲಿನ ಬಹಳಷ್ಟು ಪಾಲಿಸಿಗಳಲ್ಲಿ ಡಿಡಕ್ಟಿಬಲ್ ಎಂಬುದೊಂದಿದೆ: ವರ್ಷದ ಮೊದಲ ಇಂತಿಷ್ಟು ಸಾವಿರ ಡಾಲರ್ ಖರ್ಚು ನಿಮ್ಮದೇ, ಆಮೇಲೆ ವಿಮೆ ಶುರು. ಬಹುಪಾಲು ಜನರಿಗೆ ಜನವರಿ ಒಂದರಂದು ಆ ಲೆಕ್ಕ ಸೊನ್ನೆಗೆ ಮರಳುತ್ತದೆ. ಆ ತಿಂಗಳುಗಳಲ್ಲಿ ರೋಗಿ ಕೌಂಟರಿನಲ್ಲಿ ತೆರುವುದು ಪಟ್ಟಿ ಬೆಲೆಯನ್ನೋ ಅದಕ್ಕೆ ತೀರ ಹತ್ತಿರದ್ದನ್ನೋ. ರಿಬೇಟ್ ಮಾತ್ರ ಅವನು ಕೊಂಡ ಪೆಟ್ಟಿಗೆಯ ಮೇಲೂ ಹುಟ್ಟುತ್ತದೆ, ಹುಟ್ಟಿ ಪಿಬಿಎಂಗೆ ಹೋಗುತ್ತದೆ, ಅಲ್ಲಿಂದ ವಿಮೆಗೆ ಅಥವಾ ವಿಮೆ ಮಾಡಿಸಿದ ಕಂಪನಿಗೆ. ಒಂದು ಕ್ಷಣ ಇದನ್ನು ಎದುರಿಗಿಟ್ಟುಕೊಂಡು ನೋಡಿ. ಇನ್ಸುಲಿನ್‌ಗೆ ವಿಮೆ ಒಂದು ಪೈಸೆ ಕೊಟ್ಟಿಲ್ಲ. ಆದರೆ ರೋಗಿ ಕೊಂಡ ಇನ್ಸುಲಿನ್‌ನಿಂದ ವಿಮೆಗೆ ಆದಾಯ ಬಂದಿದೆ.

ಆ ಆದಾಯ ಎಲ್ಲಿ ಹೋಗುತ್ತದೆ ಎಂದು ಕೇಳಿದರೆ ವಿಮಾ ಕಂಪನಿಗಳ ಉತ್ತರ ಸಿದ್ಧವಿದೆ ಮತ್ತು ಅದು ಬಹುಮಟ್ಟಿಗೆ ನಿಜವೂ ಹೌದು: ಎಲ್ಲರ ಪ್ರೀಮಿಯಂ ತುಸು ಕಡಿಮೆ ಮಾಡಲು. ನನಗೆ ಇಲ್ಲಿಯೇ ಗಂಟಲಲ್ಲಿ ಮುಳ್ಳು ಸಿಕ್ಕಿದಂತಾಗುವುದು. ವಿಮೆಯ ಮೂಲ ಒಪ್ಪಂದವೇನು? ಹತ್ತು ಜನ ಆರೋಗ್ಯವಂತರು ಸ್ವಲ್ಪ ಸ್ವಲ್ಪ ಹಾಕಿ ಹನ್ನೊಂದನೆಯ ರೋಗಿಯ ಹೊರೆ ಇಳಿಸುವುದು. ಮದುವೆಗೆ ಮುಯ್ಯಿ ಹಾಕುವ ಸಂಪ್ರದಾಯ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ನಡೆಯುತ್ತಿರುವುದು ಅದರ ತಲೆಕೆಳಗು: ದುಬಾರಿ ಔಷಧದ ಮೇಲೆ ಬದುಕುವವನು ಕೌಂಟರಿನಲ್ಲಿ ಹೆಚ್ಚು ತೆತ್ತು, ತಲೆನೋವಿಗೂ ಮಾತ್ರೆ ನುಂಗದ ಸಹೋದ್ಯೋಗಿಯ ಪ್ರೀಮಿಯಂ ಇಳಿಸುತ್ತಿದ್ದಾನೆ. ಮದುಮಗಳ ಅಪ್ಪನೇ ಊಟಕ್ಕೆ ಬಂದವರಿಗೆಲ್ಲ ಮುಯ್ಯಿ ಹಂಚಿದ ಹಾಗೆ.

ಹಾಗಾದರೆ ಪಿಬಿಎಂಗಳನ್ನೇ ಮುಚ್ಚಿಬಿಡೋಣ ಎನ್ನುವವರ ಜತೆ ನಾನಿಲ್ಲ. ಅವರು ಮರೆಯುವ ಒಂದು ಕಥೆಯಿದೆ. 2013ರ ಡಿಸೆಂಬರ್‌ನಲ್ಲಿ ಗಿಲಿಯಡ್ ಕಂಪನಿ ಸೊವಾಲ್ಡಿ ಎಂಬ ಹೆಪಟೈಟಿಸ್ ಸಿ ಔಷಧ ತಂದಿತು. ರೋಗ ಗುಣವಾಗುತ್ತಿತ್ತು, ನಿಯಂತ್ರಣವಲ್ಲ, ನಿಜವಾಗಿ ಗುಣ. ಹನ್ನೆರಡು ವಾರದ ಕೋರ್ಸಿಗೆ ಬೆಲೆ 84,000 ಡಾಲರ್, ಮಾತ್ರೆಗೆ ಸಾವಿರ. ಸರ್ಕಾರ ಬೆಲೆ ನಿಗದಿ ಮಾಡದ ದೇಶ, ಪೇಟೆಂಟ್ ಕೈಯಲ್ಲಿರುವ ಕಂಪನಿ, ಬೇರೆ ದಾರಿಯಿಲ್ಲದ ರೋಗಿ. ಮರುವರ್ಷದ ಕೊನೆಗೆ ಆಬ್‌ವೀ ಎಂಬ ಪ್ರತಿಸ್ಪರ್ಧಿಯ ಔಷಧ ಬಂದದ್ದೇ ತಡ, ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಗಿಲಿಯಡ್‌ನ ಔಷಧವನ್ನು ತನ್ನ ಮುಖ್ಯ ಪಟ್ಟಿಯಿಂದ ಹೊರಗಿಟ್ಟು ಆಬ್‌ವೀಗೆ ಬಾಗಿಲು ತೆರೆಯಿತು. ಗಿಲಿಯಡ್ ಬೆಚ್ಚಿತು. ಅದು ಬಿಟ್ಟುಕೊಟ್ಟ ಸರಾಸರಿ ರಿಯಾಯಿತಿ 2014ರಲ್ಲಿ ಶೇ. 22 ಇದ್ದದ್ದು 2015ರಲ್ಲಿ ಶೇ. 46ಕ್ಕೆ ಹೋಯಿತು. ಯಾವ ಸಂಸತ್ತೂ ಮಾಡದ ಕೆಲಸವನ್ನು ಒಂದು ಪಟ್ಟಿ ಮಾಡಿತು. ಬೇಡ ಎನ್ನುವ ಶಕ್ತಿ ಯಾರಲ್ಲಾದರೂ ಇರಲೇಬೇಕು; ಅದಿಲ್ಲದೆ ಔಷಧ ಕಂಪನಿಯ ಎದುರು ಚೌಕಾಸಿಯೇ ಇಲ್ಲ. ಅಮೆರಿಕದಲ್ಲಿ ಬರೆಯುವ ಚೀಟಿಗಳಲ್ಲಿ ಹತ್ತಕ್ಕೆ ಒಂಬತ್ತು ಜನರಿಕ್ ಔಷಧಗಳೇ ಆಗಿರುವುದರ ಹಿಂದೆಯೂ ಪಿಬಿಎಂಗಳ ಒತ್ತಡದ ಪಾಲಿದೆ. ಅಲ್ಲಿನ ಜನರಿಕ್ ಬೆಲೆಗಳು ಎಷ್ಟೋ ಶ್ರೀಮಂತ ದೇಶಗಳಿಗಿಂತ ಕಡಿಮೆ ಎಂಬುದು ಕೇಳಿದವರಿಗೆ ಆಶ್ಚರ್ಯ ಹುಟ್ಟಿಸುವ ಸತ್ಯ.

ಅವರ ಪರವಾಗಿ ಇನ್ನೂ ಎರಡು ಅಂಕಿಗಳನ್ನು ಕೊಡಲೇಬೇಕು, ಇಲ್ಲದಿದ್ದರೆ ನನ್ನ ವಾದಕ್ಕೆ ಮರ್ಯಾದೆಯಿಲ್ಲ. ಅಮೆರಿಕ ಸರ್ಕಾರದ ಲೆಕ್ಕ ಪರಿಶೋಧಕ ಸಂಸ್ಥೆ ಜಿಎಒ, ಹಿರಿಯ ನಾಗರಿಕರ ಮೆಡಿಕೇರ್ ಔಷಧ ಯೋಜನೆಯನ್ನು ಪರಿಶೀಲಿಸಿ, 2016ರಲ್ಲಿ ಪಿಬಿಎಂಗಳು ರಿಬೇಟಿನ ಶೇ. 99.6ರಷ್ಟನ್ನು ವಿಮಾ ಯೋಜನೆಗಳಿಗೆ ದಾಟಿಸಿದ್ದವು ಎಂದು ಹೇಳಿತು. ಮತ್ತೆ, 2019ರಲ್ಲಿ ಟ್ರಂಪ್ ಸರ್ಕಾರ ರಿಬೇಟನ್ನು ಹಿಂಬಾಗಿಲಿನ ಬದಲು ಕೌಂಟರಿನಲ್ಲೇ ರೋಗಿಗೆ ಕೊಡುವ ನಿಯಮವೊಂದನ್ನು ತರಲು ಹೊರಟಾಗ, ಇದರಿಂದ ಪ್ರೀಮಿಯಂ ಏರಿ ಸರ್ಕಾರದ ಖರ್ಚು ಹತ್ತು ವರ್ಷದಲ್ಲಿ 17,700 ಕೋಟಿ ಡಾಲರ್ ಹೆಚ್ಚುತ್ತದೆ ಎಂದು ಸಂಸತ್ತಿನ ಬಜೆಟ್ ಕಚೇರಿ ಅಂದಾಜು ಮಾಡಿತು. ಆ ನಿಯಮ ಮುಂದೆ ಹೋಗುತ್ತಾ ಹೋಗುತ್ತಾ 2032ಕ್ಕೆ ತಳ್ಳಲ್ಪಟ್ಟಿದೆ.

ನೋಡಿ, ಈ ಎರಡನೆಯ ಅಂಕಿಯನ್ನು ಪಿಬಿಎಂಗಳ ಪರ ಸಾಕ್ಷಿ ಎಂದು ಓದುವುದು ವಾಡಿಕೆ. ನನಗೆ ಅದು ತಪ್ಪೊಪ್ಪಿಗೆಯಂತೆ ಕಾಣುತ್ತದೆ. ರೋಗಿಗೆ ಅವನ ರಿಯಾಯಿತಿಯನ್ನು ಅವನಿಗೇ ಕೊಟ್ಟರೆ ಉಳಿದವರ ಪ್ರೀಮಿಯಂ ಏರುತ್ತದೆ ಎಂದರೆ, ಇಷ್ಟು ದಿನ ಉಳಿದವರ ಪ್ರೀಮಿಯಂ ಯಾರ ದುಡ್ಡಿನಿಂದ ತಗ್ಗಿತ್ತು?

ಇನ್ನು ಆ 99.6. ರಿಬೇಟ್ ಎಂದು ಹೆಸರಿಟ್ಟ ಹಣ ಪೂರ್ತಿ ದಾಟಿ ಹೋಗಬಹುದು. ಹಣದ ಹೆಸರನ್ನೇ ಬದಲಿಸಿದರೆ? ಮೂರೂ ದೊಡ್ಡ ಪಿಬಿಎಂಗಳು ಈಗ ಔಷಧ ಕಂಪನಿಗಳೊಂದಿಗೆ ಮಾತುಕತೆ ನಡೆಸಲು ಬೇರೆಯೇ ಅಂಗಸಂಸ್ಥೆಗಳನ್ನು ಕಟ್ಟಿಕೊಂಡಿವೆ: ಎಕ್ಸ್‌ಪ್ರೆಸ್ ಸ್ಕ್ರಿಪ್ಟ್ಸ್ ಬಳಗದ ಅಸೆಂಟ್ ಸ್ವಿಟ್ಜರ್ಲೆಂಡಿನಲ್ಲಿ, ಆಪ್ಟಮ್ ಬಳಗದ ಎಮಿಸಾರ್ ಐರ್ಲೆಂಡಿನಲ್ಲಿ, ಸಿವಿಎಸ್‌ದು ಜಿಂಕ್. ಇವು ತೆಗೆದುಕೊಳ್ಳುವುದು ಆಡಳಿತ ಶುಲ್ಕ, ದತ್ತಾಂಶ ಶುಲ್ಕ. ಇಂಥ ಶುಲ್ಕ ಎಷ್ಟೋ ಸಲ ಪಟ್ಟಿ ಬೆಲೆಯ ಇಂತಿಷ್ಟು ಶೇಕಡಾ ಎಂದೇ ನಿಗದಿಯಾಗುತ್ತದೆ. ಇಲ್ಲೇ ನನ್ನ ಎರಡನೆಯ ಪ್ರಶ್ನೆಗೆ ಉತ್ತರ. ಕೊಳ್ಳುವವರ ಪರ ಚೌಕಾಸಿ ಮಾಡಲು ನಿಂತ ದಲ್ಲಾಳಿಯ ಕೂಲಿಯನ್ನು ಮಾರುವವನು ಕೊಡುತ್ತಾನೆ, ಅದೂ ಮಾಲಿನ ಬೆಲೆ ಏರಿದಷ್ಟೂ ಏರುವ ಹಾಗೆ. ಮಂಡಿಯಲ್ಲಿ ಎರಡೂ ಕಡೆ ಕಮಿಷನ್ ತಿನ್ನುವವನನ್ನು ರೈತರು ಏನೆಂದು ಕರೆಯುತ್ತಾರೋ ಅದನ್ನು ಅಚ್ಚು ಹಾಕಲು ಬರುವುದಿಲ್ಲ.

ಜನರಿಕ್ ಔಷಧಗಳ ವಿಷಯದಲ್ಲಿ ಆಟ ಬೇರೆ. ಅಲ್ಲಿ ರಿಬೇಟ್ ಇಲ್ಲ, ಬೆಲೆಯೇ ನೆಲ ಕಚ್ಚಿದೆ. ಅಲ್ಲಿ ಪಿಬಿಎಂ ಅಂಗಡಿಗೆ ಕೊಡುವುದೊಂದು, ವಿಮೆಯಿಂದ ವಸೂಲು ಮಾಡುವುದು ಇನ್ನೊಂದು, ನಡುವಿನದ್ದು ಜೇಬಿಗೆ. ಓಹಿಯೋ ರಾಜ್ಯದ ಲೆಕ್ಕ ಪರಿಶೋಧಕರು 2018ರಲ್ಲಿ ಬಡವರ ಮೆಡಿಕೈಡ್ ಯೋಜನೆಯೊಂದರಲ್ಲೇ ಒಂದು ವರ್ಷಕ್ಕೆ ಸುಮಾರು 22.5 ಕೋಟಿ ಡಾಲರ್ ಹೀಗೆ ನಡುವೆ ಉಳಿದದ್ದನ್ನು ಕಂಡುಹಿಡಿದರು. ಇದಕ್ಕಿಂತ ನನ್ನನ್ನು ಕಲಕಿದ್ದು ಇಮಾಟಿನಿಬ್‌ನ ಲೆಕ್ಕ. ರಕ್ತದ ಕ್ಯಾನ್ಸರಿನ ಈ ಮಾತ್ರೆಯ ಹೆಸರು ನಮಗೆ ಹೊಸದಲ್ಲ. 2013ರ ಏಪ್ರಿಲ್ 1ರಂದು ನಮ್ಮ ಸುಪ್ರೀಂ ಕೋರ್ಟು ನೊವಾರ್ಟಿಸ್‌ಗೆ ಇದರ ಪೇಟೆಂಟ್ ನಿರಾಕರಿಸಿ ತೀರ್ಪು ಕೊಟ್ಟದ್ದು ಜಗತ್ತಿನಾದ್ಯಂತ ಸುದ್ದಿಯಾಗಿತ್ತು. ಅಮೆರಿಕದಲ್ಲೂ 2016ರಲ್ಲಿ ಭಾರತದ ಸನ್ ಫಾರ್ಮಾ ಮೊದಲ ಜನರಿಕ್ ತಂದಿತು. ಪೈಪೋಟಿ ಬಂತು, ಸಗಟು ಬೆಲೆ ಇಳಿಯುತ್ತಾ ಹೋಯಿತು. ಕಥೆ ಅಲ್ಲಿಗೆ ಸುಖಾಂತವಾಗಬೇಕಿತ್ತು. ಆದರೆ ಇಮಾಟಿನಿಬ್ ಮತ್ತು ಇನ್ನೊಂದು ಜನರಿಕ್ ಕ್ಯಾನ್ಸರ್ ಔಷಧ, ಈ ಎರಡರಿಂದಲೇ ಪಿಬಿಎಂಗಳ ಸ್ವಂತ ಅಂಗಡಿಗಳು ಮೂರು ವರ್ಷ ತುಂಬುವುದರೊಳಗೆ ಕೊಂಡ ಬೆಲೆಯ ಮೇಲೆ ಸುಮಾರು 160 ಕೋಟಿ ಡಾಲರ್ ಹೆಚ್ಚು ಗಳಿಸಿದವೆಂದು ಟ್ರೇಡ್ ಕಮಿಷನ್ 2024ರಲ್ಲಿ ತೋರಿಸಿತು. ಮರುವರ್ಷದ ವರದಿಯಲ್ಲಿ ಇಂಥ ಹಲವು ವಿಶೇಷ ಜನರಿಕ್‌ಗಳನ್ನು ಸೇರಿಸಿ, 2017ರಿಂದ 2022ರವರೆಗೆ ಆ ಮೊತ್ತ 730 ಕೋಟಿ ಡಾಲರ್ ದಾಟಿದೆ ಎಂದಿತು. ಪೇಟೆಂಟ್ ಮುಗಿದ ಮೇಲೂ ದುಬಾರಿಯಾಗಿಯೇ ಉಳಿಯುವ ವಿದ್ಯೆ ಇದು. ತಯಾರಕನಿಗೆ ಸಿಗುವುದು ಪುಡಿಗಾಸು. ಸಿಂಹಪಾಲು ಕೌಂಟರಿನ ಹಿಂದಿದ್ದವರಿಗೆ.

ಇಲ್ಲಿ ವಿಮೆ, ಪಿಬಿಎಂ, ಅಂಗಡಿ ಮೂರೂ ಒಂದೇ ಮನೆಯವಾಗಿರುವುದರ ಫಲ ಕಾಣುತ್ತದೆ. ಒಬಾಮಾ ಕಾಲದ ಕಾನೂನಿನ ಪ್ರಕಾರ ವಿಮಾ ಕಂಪನಿ ತಾನು ಪಡೆದ ಪ್ರೀಮಿಯಂನ ಶೇ. 80 ಅಥವಾ 85 ಭಾಗವನ್ನು ಚಿಕಿತ್ಸೆಗೇ ಖರ್ಚು ಮಾಡಬೇಕು. ಉಳಿದದ್ದರಲ್ಲೇ ಆಡಳಿತ ಮತ್ತು ಲಾಭ. ಸದುದ್ದೇಶದ ಕಾನೂನು. ಆದರೆ ವಿಮಾ ಕಂಪನಿ ತನ್ನದೇ ಬಳಗದ ಅಂಗಡಿಗೆ ಮಾತ್ರೆಗೆ ಹೆಚ್ಚು ಹಣ ಕೊಟ್ಟರೆ ಅದು ಪುಸ್ತಕದಲ್ಲಿ ಚಿಕಿತ್ಸೆಯ ಖರ್ಚು, ಮನೆಯ ಮಟ್ಟಿಗೆ ಲಾಭ. ಬಲಗೈ ಎಡಗೈಗೆ ಬಾಡಿಗೆ ಕೊಟ್ಟು ರಸೀದಿ ಬರೆಸಿಕೊಂಡ ಹಾಗೆ.

ನೌಕರರಿಗೆ ವಿಮೆ ಕೊಡಿಸುವ ದೊಡ್ಡ ಕಂಪನಿಗಳಾದರೂ ಇದನ್ನು ಪ್ರಶ್ನಿಸಬಾರದೇ? ಹಣ ಅವರದು, ವಕೀಲರು ಅವರಲ್ಲಿದ್ದಾರೆ. 2024ರ ಫೆಬ್ರುವರಿಯಲ್ಲಿ ಜಾನ್ಸನ್ ಅಂಡ್ ಜಾನ್ಸನ್ ವಿರುದ್ಧ ಅದರದೇ ಉದ್ಯೋಗಿಯೊಬ್ಬರು ಮೊಕದ್ದಮೆ ಹೂಡಿದರು. ಟೆರಿಫ್ಲುನಮೈಡ್ ಎಂಬ ಜನರಿಕ್ ಮಾತ್ರೆಯ ಮೂರು ತಿಂಗಳ ಕೋರ್ಸು ಸಾಮಾನ್ಯ ಅಂಗಡಿಯಲ್ಲಿ ನೂರು ಡಾಲರಿಗೂ ಕಡಿಮೆಗೆ ಸಿಗುವಾಗ, ಕಂಪನಿಯ ಯೋಜನೆ ಅದಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ತೆರಲು ಒಪ್ಪಿಕೊಂಡಿದೆ ಎಂಬುದು ಆರೋಪ. ದಾವೆ ಹೂಡಲು ನಿಮಗೆ ಹಕ್ಕಿಲ್ಲ ಎಂಬ ತಾಂತ್ರಿಕ ಕಾರಣಕ್ಕೆ ನ್ಯಾಯಾಲಯ ಅದರ ಮುಖ್ಯ ಭಾಗವನ್ನು 2025ರ ಜನವರಿಯಲ್ಲಿ ವಜಾ ಮಾಡಿತು. ಆದ್ದರಿಂದ ಆರೋಪವನ್ನು ಆರೋಪವೆಂದೇ ಇಟ್ಟುಕೊಳ್ಳೋಣ. ಆದರೂ ಒಂದು ಮಾತು ಮನಸ್ಸಿನಿಂದ ಹೋಗುವುದಿಲ್ಲ. ಜಗತ್ತಿನ ಅತಿ ದೊಡ್ಡ ಔಷಧ ಕಂಪನಿಗಳಲ್ಲೊಂದರ ಮೇಲೇ, ಮಾತ್ರೆಯ ಬೆಲೆ ಎಷ್ಟಿರಬೇಕೆಂದು ನಿಮಗೆ ಗೊತ್ತಾಗಲಿಲ್ಲವೇ ಎಂಬ ದೂರು.

ಗೊತ್ತಾಗದಂತೆ ಇರಿಸುವ ಏರ್ಪಾಡೂ ಇತ್ತು. ವಿಮೆಯ ಮೂಲಕ ಕೊಂಡರೆ 20 ಡಾಲರ್ ಪಾಲು ಕೊಡಬೇಕಾದ ಮಾತ್ರೆ ನಗದಿಗೆ 12 ಡಾಲರಿಗೇ ಸಿಗುತ್ತದೆ ಎಂದಿಟ್ಟುಕೊಳ್ಳಿ. ಇದನ್ನು ರೋಗಿಗೆ ಹೇಳಬಾರದೆಂದು ಅಂಗಡಿಯವರ ಬಾಯಿ ಕಟ್ಟುವ ಷರತ್ತುಗಳು ಪಿಬಿಎಂ ಒಪ್ಪಂದಗಳಲ್ಲಿದ್ದವು. 2018ರ ಅಕ್ಟೋಬರ್‌ನಲ್ಲಿ ಎರಡು ಕಾನೂನುಗಳು ಅದನ್ನು ನಿಷೇಧಿಸಿದವು. ಹೇಳಬಾರದು ಎಂಬುದು ಹೋಯಿತು. ಹೇಳಲೇಬೇಕು ಎಂಬುದು ಬರಲಿಲ್ಲ. ಈಗಲೂ ರೋಗಿ ಬಾಯಿಬಿಟ್ಟು ಕೇಳಬೇಕು.

ಪಟ್ಟಿ ಬೆಲೆ ಎಂಬುದು ಖರ್ಚಿನಿಂದ ಹುಟ್ಟಿದ್ದಲ್ಲ, ಲೆಕ್ಕದ ಆಟದಿಂದ ಹುಟ್ಟಿದ್ದು ಎನ್ನಲು 2023ಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆ ಮಾರ್ಚಿನಲ್ಲಿ ಲಿಲ್ಲಿ, ಅದರ ಬೆನ್ನಿಗೇ ನೊವೊ ನಾರ್ಡಿಸ್ಕ್, ಸನೋಫಿ, ಮೂವರೂ ತಮ್ಮ ಮುಖ್ಯ ಇನ್ಸುಲಿನ್‌ಗಳ ಪಟ್ಟಿ ಬೆಲೆಯನ್ನು ಶೇ. 70ರ ಆಸುಪಾಸಿನಲ್ಲಿ ಕತ್ತರಿಸುವುದಾಗಿ ಸಾರಿದರು. 1996ರಲ್ಲಿ 21 ಡಾಲರಿಗೆ ಬಂದು 275ಕ್ಕೆ ಏರಿದ್ದ ಹ್ಯುಮಲಾಗ್ ಬಾಟಲಿ 66 ಡಾಲರಿಗೆ ಇಳಿಯಿತು. ಮೇಲ್ನೋಟಕ್ಕೆ ಮನಸ್ಸು ಕರಗಿದಂತೆ ಕಂಡಿತು. ಜನರ ಸಿಟ್ಟು ಇತ್ತು, ಮೆಡಿಕೇರ್‌ನವರಿಗೆ ತಿಂಗಳಿಗೆ 35 ಡಾಲರ್ ಮಿತಿ ಹಾಕಿದ ಹೊಸ ಕಾನೂನಿತ್ತು, ಎಲ್ಲ ಸರಿ. ಆದರೆ ಹೆಚ್ಚು ಚುಚ್ಚಿದ ಮುಳ್ಳು ಇನ್ನೊಂದಿತ್ತು. ಹಣದುಬ್ಬರಕ್ಕಿಂತ ವೇಗವಾಗಿ ಬೆಲೆ ಏರಿಸಿದ ಕಂಪನಿ ಬಡವರ ಮೆಡಿಕೈಡ್‌ಗೆ ದಂಡದಂಥ ರಿಬೇಟ್ ಕೊಡಬೇಕು. ಅದು ಔಷಧದ ಬೆಲೆಯನ್ನು ಮೀರಬಾರದೆಂಬ ಮಿತಿಯೊಂದಿತ್ತು. 2021ರ ಕಾನೂನೊಂದು ಆ ಮಿತಿಯನ್ನು 2024ರ ಜನವರಿಯಿಂದ ತೆಗೆದುಹಾಕಿತು. ಹಳೆಯ ಬೆಲೆಯಲ್ಲೇ ಇದ್ದರೆ ಪ್ರತಿ ಬಾಟಲಿ ಮಾರಿ ಮೇಲೆ ಕೈಯಿಂದ ಹಣ ಕೊಡಬೇಕಾಗುತ್ತಿತ್ತು. ದುಬಾರಿ ಪಟ್ಟಿ ಬೆಲೆ ಲಾಭ ತರುತ್ತಿದ್ದಾಗ ಇಳಿಸಲಾಗದು ಎನ್ನುತ್ತಿದ್ದವರು, ಅದು ನಷ್ಟ ತರುವ ದಿನ ಹತ್ತಿರವಾದಾಗ ಕೆಲವೇ ವಾರಗಳ ಅಂತರದಲ್ಲಿ ಒಬ್ಬರ ಹಿಂದೊಬ್ಬರು ಇಳಿಕೆ ಸಾರಿದರು.

ದೂರದ ದೇಶದ ಈ ರಗಳೆ ನಮಗೇಕೆ ಎನ್ನುವವರು ಒಮ್ಮೆ ನಮ್ಮ ಕ್ಯಾನ್ಸರ್ ಔಷಧಗಳ ಎಂಆರ್‌ಪಿ ಕಥೆ ನೆನಪಿಸಿಕೊಳ್ಳಲಿ. ನಮ್ಮಲ್ಲಿ ಪಿಬಿಎಂ ಇಲ್ಲ. ಹೊರರೋಗಿಯ ಮಾತ್ರೆಗೆ ವಿಮೆಯೂ ಅಪರೂಪ. ಆದರೆ ಬೀಜ ಅದೇ. ಆಸ್ಪತ್ರೆಗೆ ಅಥವಾ ಅಂಗಡಿಗೆ ಕಡಿಮೆಗೆ ಕೊಟ್ಟು, ಪೊಟ್ಟಣದ ಮೇಲೆ ದೊಡ್ಡ ಎಂಆರ್‌ಪಿ ಅಚ್ಚು ಹಾಕಿದರೆ ನಡುವಿನವನಿಗೆ ಆ ಬ್ರ್ಯಾಂಡೇ ಪ್ರಿಯ. 2019ರ ಫೆಬ್ರುವರಿಯಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ 42 ಕ್ಯಾನ್ಸರ್ ಔಷಧಗಳ ವ್ಯಾಪಾರಿ ಲಾಭಕ್ಕೆ ಶೇ. 30ರ ಮಿತಿ ಹಾಕಿದ್ದೇ ತಡ, ಕೆಲವು ಬ್ರ್ಯಾಂಡುಗಳ ಎಂಆರ್‌ಪಿ ಶೇ. 85ರವರೆಗೆ ಕುಸಿಯಿತು. ಮೊನ್ನೆಯವರೆಗೆ ಆ 85 ಎಲ್ಲಿತ್ತು, ಯಾರಲ್ಲಿತ್ತು? ಆಸ್ಪತ್ರೆಯ ಕೌಂಟರಿನಲ್ಲಿ ಕಾಯಿಲೆ ಏನೆಂದು ಕೇಳುವ ಮೊದಲೇ “ಇನ್ಶೂರೆನ್ಸ್ ಇದೆಯಾ?” ಎಂದು ಕೇಳುವ ದನಿ ಬೆಂಗಳೂರಿನಲ್ಲಿ ನನ್ನ ಕಿವಿಗೂ ಬಿದ್ದಿದೆ. ಆ ಪ್ರಶ್ನೆಯ ಉತ್ತರದ ಮೇಲೆ ಬಿಲ್ಲಿನ ಗಾತ್ರ ನಿಂತಿರುತ್ತದೆಂದು ಯಾರೂ ನಮಗೆ ಕಲಿಸಬೇಕಾಗಿಲ್ಲ.

ಅಮೆರಿಕದಲ್ಲಿ ಏನಾಗಬೇಕು ಎಂಬುದರಲ್ಲಿ ನನಗೆ ಹೆಚ್ಚು ಗೊಂದಲವಿಲ್ಲ. ಪಿಬಿಎಂ ಇರಲಿ, ಪಟ್ಟಿಯೂ ಇರಲಿ, ಬೇಡ ಎನ್ನುವ ಅಧಿಕಾರವೂ ಇರಲಿ. ಕೂಲಿ ಮಾತ್ರ ಚೀಟಿಗೆ ಇಂತಿಷ್ಟು ಎಂದು ನಿಗದಿಯಾಗಿರಲಿ, ಬೆಲೆಯ ಶೇಕಡಾವಾರು ಬೇಡ. ರೋಗಿಯ ಪಾಲನ್ನು ರಿಯಾಯಿತಿ ಕಳೆದ ಬೆಲೆಯ ಮೇಲೆ ಲೆಕ್ಕ ಹಾಕಲಿ. ಹಾಗೆ ಮಾಡಿದರೆ ಗುಟ್ಟಿನ ರಿಯಾಯಿತಿ ಬಯಲಾಗಿ ಚೌಕಾಸಿಯ ಶಕ್ತಿ ಕುಂದುತ್ತದೆ ಎಂಬ ಆಕ್ಷೇಪವಿದೆ. ಸ್ವಲ್ಪ ಕುಂದಬಹುದು. ಉದ್ಯಮಿ ಮಾರ್ಕ್ ಕ್ಯೂಬನ್ 2022ರ ಜನವರಿಯಲ್ಲಿ ತೆರೆದ ಆನ್‌ಲೈನ್ ಅಂಗಡಿ ಕೊಂಡ ಬೆಲೆ, ಅದರ ಮೇಲೆ ಶೇ. 15, ಅಂಗಡಿ ಶುಲ್ಕ, ಅಂಚೆ ಖರ್ಚು ಎಂದು ಎಲ್ಲವನ್ನೂ ಬಿಡಿಸಿ ಬರೆದು ಮಾರುತ್ತಿದೆ. ಅಲ್ಲಿ ಹೆಚ್ಚಾಗಿ ಸಿಗುವುದು ಜನರಿಕ್‌ಗಳು. ಪೇಟೆಂಟ್ ಇರುವ ದುಬಾರಿ ಔಷಧಗಳ ಕೋಟೆಯನ್ನು ಅದು ಭೇದಿಸಿಲ್ಲ. ಆದರೂ ಮುಚ್ಚುಮರೆಯಿಲ್ಲದೆ ಔಷಧ ಮಾರಿದರೆ ಅಂಗಡಿ ಮುಳುಗುತ್ತದೆ ಎಂಬ ಮಾತು ಸುಳ್ಳಾಯಿತು. ಟ್ರೇಡ್ ಕಮಿಷನ್ ಕೂಡ 2024ರ ಸೆಪ್ಟೆಂಬರ್‌ನಲ್ಲಿ ಇನ್ಸುಲಿನ್ ಪಟ್ಟಿಗಳ ವಿಷಯವಾಗಿಯೇ ಮೂರೂ ಪಿಬಿಎಂಗಳ ಮೇಲೆ ದೂರು ದಾಖಲಿಸಿತು.

ಬಯೋಕಾನ್ ಏನಾಯಿತು? 2022ರಲ್ಲಿ ಅದರ ಅಂಗಸಂಸ್ಥೆ ವಯಾಟ್ರಿಸ್‌ನ ಜೈವಿಕ ಔಷಧಗಳ ವಹಿವಾಟನ್ನೇ ಕೊಂಡುಕೊಂಡಿತು. ಅಮೆರಿಕದ ಮಾರುಕಟ್ಟೆಯಲ್ಲಿ ಈಗ ನೇರವಾಗಿ ತನ್ನದೇ ಹೆಸರು. ಮರುವರ್ಷದ ಜುಲೈನಲ್ಲಿ ಹ್ಯುಮಿರಾ ಎಂಬ ಸಂಧಿವಾತದ ಔಷಧಕ್ಕೆ ಬದಲಿಯಾಗಿ ಹ್ಯೂಲಿಯೋ ತಂದಿತು. ಬ್ರ್ಯಾಂಡ್ ಹೆಸರಿನದಕ್ಕೆ ಹ್ಯುಮಿರಾಗಿಂತ ಶೇ. 5 ಕಡಿಮೆ, ಹೆಸರಿಲ್ಲದ್ದಕ್ಕೆ ಶೇ. 85 ಕಡಿಮೆ. ಎರಡರ ಒಳಗಿನ ದ್ರವವೂ ಒಂದೇ.